ನೋವಿನ ರೋಜಕೀರ್ದಿ

ಮನುಷ್ಯನ ಶರೀರದಲ್ಲಿ ಅಳತೆಗೆ ಸಿಕ್ಕುವ ಸಂಗತಿಗಳು ಎಷ್ಟೋ ಉಂಟು. ಜ್ವರಕ್ಕೆ ಉಷ್ಣಮಾಪಕವಿದೆ, ರಕ್ತದ ಒತ್ತಡಕ್ಕೆ ತೋಳಿಗೆ ಸುತ್ತುವ ಪಟ್ಟಿಯಿದೆ, ಸಕ್ಕರೆಯ ಪ್ರಮಾಣವನ್ನು ಬೆರಳತುದಿಯ ಒಂದು ಹನಿ ರಕ್ತವು ಹೇಳಿಬಿಡುತ್ತದೆ. ಆದರೆ ಮನುಷ್ಯನನ್ನು ಮತ್ತೆ ಮತ್ತೆ ವೈದ್ಯನ ಬಾಗಿಲಿಗೆ ಕರೆತರುವ ನೋವಿಗೆ ಮಾತ್ರ ಅಂಥ ಮಾಪಕವಿಲ್ಲ. ಎಕ್ಸ್-ರೇ ಚಿತ್ರವು ಸವೆದ ಮೂಳೆಯನ್ನು ತೋರಿಸೀತು. ಆ ಮೂಳೆ ಎಷ್ಟು ನೋಯುತ್ತದೆಂಬುದನ್ನು ತೋರಿಸಲಾರದು. ಬಹಳ ಸವೆದ ಮೊಣಕಾಲಿನವನು ನಿಶ್ಚಿಂತೆಯಿಂದ ನಡೆದಾಡುವುದೂ, ಅಷ್ಟೇನೂ ಸವೆಯದ ಮೊಣಕಾಲಿನವಳು ರಾತ್ರಿಯೆಲ್ಲ ನಿದ್ದೆಗೆಡುವುದೂ ವೈದ್ಯರಿಗೆ ಹೊಸ ಸಂಗತಿಯಲ್ಲ. ನೋವಿಗೆ ಇರುವ ಸಾಕ್ಷಿ ಒಬ್ಬನೇ. ನೋಯುವವನೇ ಆ ಸಾಕ್ಷಿ.

ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು ೧೯೭೯ರಲ್ಲಿ ನೋವಿಗೆ ಒಂದು ಲಕ್ಷಣವನ್ನು ಕಟ್ಟಿಕೊಟ್ಟಿತು. ೨೦೨೦ರಲ್ಲಿ ಅದನ್ನು ತಿದ್ದಿತು. ನೋವೆಂಬುದು ಶರೀರದ ಸಂವೇದನೆಯೂ ಹೌದು, ಭಾವದ ಅನುಭವವೂ ಹೌದು ಎಂಬ ಮಾತು ಎರಡರಲ್ಲಿಯೂ ಇದೆ. ಒಬ್ಬನು ತನಗೆ ನೋಯುತ್ತದೆಂದು ಹೇಳಿದರೆ ಆ ಮಾತನ್ನು ಗೌರವಿಸತಕ್ಕದ್ದೆಂದು ಹೊಸ ಲಕ್ಷಣದ ಟಿಪ್ಪಣಿಯು ಸ್ಪಷ್ಟವಾಗಿ ಹೇಳುತ್ತದೆ. ಹಾಗಾದರೆ ಆ ಮಾತನ್ನು ಕೇಳುವುದು ಹೇಗೆ? ಕೇಳಿದುದನ್ನು ಕೆಡದಂತೆ ಬರೆದಿಡುವುದು ಹೇಗೆ? ರೋಗಿಯು ತನ್ನ ನೋವನ್ನು ದಿನದಿನವೂ ಸ್ಮಾರ್ಟ್‌ಫೋನಿನ ಆ್ಯಪಿನಲ್ಲಿ ದಾಖಲಿಸಿ ವೈದ್ಯರಿಗೆ ತೋರಿಸುವ ಪದ್ಧತಿಯೊಂದು ಈಚಿನ ವರ್ಷಗಳಲ್ಲಿ ಹೊರದೇಶಗಳಲ್ಲಿ ಬಳಕೆಗೆ ಬಂದಿದೆ. ಅದು ಮುಂಡರಗಿಯಂಥ ತಾಲೂಕಿಗೆ ಬಂದರೆ ಏನನ್ನು ತಂದೀತು, ಏನನ್ನು ಕಳೆದೀತು ಎಂಬುದನ್ನು ವಾಚಕರೊಡನೆ ಕೂಡಿ ಆಲೋಚಿಸುವುದು ಈ ಲೇಖನದ ಉದ್ದೇಶ.

ಎರಡು ನಿಮಿಷದ ವಿಚಾರಣೆ

ಒಂದು ಕಡೆಗೆ ಕಪ್ಪತಗುಡ್ಡ, ಇನ್ನೊಂದು ಕಡೆಗೆ ತುಂಗಭದ್ರೆ; ನಡುವೆ ಎರೆ ಮತ್ತು ಮಸಾರಿ ಹೊಲಗಳು. ೧೯೯೭ರಲ್ಲಿ ಗದಗ ಜಿಲ್ಲೆ ಬೇರೆಯಾಗುವವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದ ಈ ತಾಲೂಕು ಇಂದಿಗೂ ಒಕ್ಕಲುತನದ ಸೀಮೆ. ಜೋಳ, ಶೇಂಗಾ, ಸೂರ್ಯಕಾಂತಿ, ಉಳ್ಳಾಗಡ್ಡಿ ಇಲ್ಲಿಯ ಬೆಳೆಗಳು. ಇವುಗಳಲ್ಲಿ ಬೆನ್ನು ಬಗ್ಗಿಸದೆ ಕೈಗೆ ಬರುವ ಬೆಳೆ ಯಾವುದೂ ಇಲ್ಲ. ಕಳೆ ಕೀಳುವವಳು ದಿನವೆಲ್ಲ ಕುಕ್ಕರಗಾಲಿನಲ್ಲಿ ಸರಿಯುತ್ತಾಳೆ. ಶೇಂಗಾ ಕೀಳುವವಳ ಟೊಂಕ ಸಂಜೆಗೆ ನೆಟ್ಟಗಾಗುವುದಿಲ್ಲ. ಚೀಲ ಹೊರುವ ಹಮಾಲನ ಕುತ್ತಿಗೆಗೆ ವಯಸ್ಸು ಬೇಗನೆ ಬರುತ್ತದೆ. ಹತ್ತಿರದ ಬೆಟಗೇರಿಯಲ್ಲಿ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂಡುವ ನೇಕಾರನ ಹೆಗಲು-ಬೆನ್ನುಗಳ ಕಥೆಯೂ ಇದೇ.

ಇಂಥವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲೂಕಿನ ಆಸ್ಪತ್ರೆಗೋ ಬಂದಾಗ ಅವರ ಪಾಲಿಗೆ ದೊರೆಯುವ ವೇಳೆ ಎಷ್ಟು? ೨೦೧೭ರಲ್ಲಿ ಪ್ರಕಟವಾದ, ೬೭ ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿದ ಸಮೀಕ್ಷೆಯೊಂದು ಇದಕ್ಕೆ ಉತ್ತರ ಹೇಳುತ್ತದೆ. ಪ್ರಾಥಮಿಕ ಚಿಕಿತ್ಸೆಯ ವೈದ್ಯನು ಒಬ್ಬ ರೋಗಿಗೆ ಕೊಡುವ ವೇಳೆ ಸ್ವೀಡನ್ನಿನಲ್ಲಿ ಸರಾಸರಿ ೨೨.೫ ನಿಮಿಷ, ಬಾಂಗ್ಲಾದೇಶದಲ್ಲಿ ೪೮ ಸೆಕೆಂಡು, ಭಾರತದಲ್ಲಿ ಸುಮಾರು ೨ ನಿಮಿಷ. ಈ ಎರಡು ನಿಮಿಷದಲ್ಲಿ ಹೆಸರು, ವಯಸ್ಸು, ದೂರು, ಪರೀಕ್ಷೆ, ಚೀಟಿ ಎಲ್ಲವೂ ಮುಗಿಯಬೇಕು. “ಎಷ್ಟು ದಿವಸದಿಂದ ಐತಿ?” ಎಂದು ವೈದ್ಯರು ಕೇಳುತ್ತಾರೆ. “ಭಾಳ ದಿವಸ ಆತ್ರಿ” ಎಂಬ ಉತ್ತರ ಬರುತ್ತದೆ. “ಹೆಚ್ಚಾಗೇತೋ ಕಡಿಮಿ ಆಗೇತೋ?” ಎಂದರೆ ರೋಗಿಯು ಆ ಕ್ಷಣದ ಮೈಯನ್ನು ನೋಡಿಕೊಂಡು ಉತ್ತರ ಕೊಡುತ್ತಾಳೆ. ಬಸ್ಸಿನಲ್ಲಿ ನಿಂತು ಬಂದ ದಿನ ನೋವು ಹೆಚ್ಚು. ನೆರಳಿನಲ್ಲಿ ಒಂದು ತಾಸು ಕುಳಿತಿದ್ದರೆ ಕಡಿಮೆ. ಹಿಂದಿನ ಹದಿನೈದು ದಿನಗಳ ಹಗಲು-ರಾತ್ರಿಗಳು ಆ ಉತ್ತರದಲ್ಲಿ ಇಲ್ಲ. ಚೀಟಿಯಲ್ಲಿ ಮಾತ್ರ ಮತ್ತೆ ಹದಿನೈದು ದಿನದ ಗುಳಿಗೆ ಇರುತ್ತದೆ.

ಇದು ಒಂದು ಊರಿನ ಅಥವಾ ಒಬ್ಬ ವೈದ್ಯನ ದೋಷವೇನೂ ಅಲ್ಲ. ೨೦೨೦ರಲ್ಲಿ ಜಗತ್ತಿನಲ್ಲಿ ಸೊಂಟನೋವಿನಿಂದ ಬಳಲುತ್ತಿದ್ದವರು ೬೧ ಕೋಟಿ ೯೦ ಲಕ್ಷ ಜನರೆಂದು ಜಾಗತಿಕ ರೋಗಭಾರದ ಅಧ್ಯಯನವು ಅಂದಾಜು ಮಾಡಿದೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದ ನೋವನ್ನು ದೀರ್ಘಕಾಲದ ನೋವೆಂದು ಎಣಿಸುವುದು ವಾಡಿಕೆ. ೨೦೨೨ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ಇಂಥ ನೋವಿಗೆ ತನ್ನದೇ ಆದ ಒಂದು ಸ್ಥಾನ ದೊರೆತಿದೆ. ಬೇರೊಂದು ರೋಗದ ನೆರಳಾಗಿಯಷ್ಟೇ ಕಾಣುತ್ತಿದ್ದ ನೋವು ಹೀಗೆ ತಾನೇ ಒಂದು ರೋಗವೆಂದು ಹೆಸರು ಪಡೆಯಿತು.

ನೆನಪೆಂಬ ಲೆಕ್ಕಿಗ

ನಮ್ಮ ಪೇಟೆಯ ದಲಾಲಿ ಅಂಗಡಿಗಳಲ್ಲಿ ಒಂದು ಹಳೆಯ ಶಿಸ್ತು ಉಂಟು. ಆ ದಿನದ ಜಮಾ-ಖರ್ಚನ್ನು ಆ ದಿನವೇ ರೋಜಕೀರ್ದಿಗೆ ಏರಿಸಬೇಕು. ಅಲ್ಲಿಂದ ಅದು ಖತಾವಣಿಗೆ ಹೋಗಬೇಕು. ವಾರದ ಕೊನೆಗೆ ನೆನಪಿನಿಂದ ಬರೆದ ಕೀರ್ದಿಯನ್ನು ಯಾವ ವ್ಯಾಪಾರಿಯೂ ನಂಬುವುದಿಲ್ಲ. ಮನುಷ್ಯನು ಸುಳ್ಳು ಬರೆಯುತ್ತಾನೆಂದು ಇದರ ಅರ್ಥವಲ್ಲ. ನೆನಪು ಒಳ್ಳೆಯ ಲೆಕ್ಕಿಗನಲ್ಲವೆಂದು ಅರ್ಥ.

ನೋವಿನ ವಿಷಯದಲ್ಲಿ ಈ ಮಾತು ಎಷ್ಟು ನಿಜವೆಂಬುದನ್ನು ಡೊನಾಲ್ಡ್ ರೆಡಲ್ಮಯರ್ ಮತ್ತು ಡೇನಿಯಲ್ ಕಾಹ್ನೆಮನ್ ಎಂಬಿಬ್ಬರು ೧೯೯೬ರಲ್ಲಿ ತೋರಿಸಿಕೊಟ್ಟರು. ಕರುಳಿನೊಳಗೆ ನಳಿಕೆಯಿಳಿಸಿ ಪರೀಕ್ಷಿಸುವ ಚಿಕಿತ್ಸೆಗೆ ಒಳಗಾದ ೧೫೪ ಜನರಿಂದ ಆಗಿನ ನೋವನ್ನು ನಿಮಿಷ ನಿಮಿಷಕ್ಕೂ ಕೇಳಿ ಬರೆದುಕೊಂಡರು. ಮುಗಿದ ಮೇಲೆ ಒಟ್ಟು ನೋವು ಎಷ್ಟಿತ್ತೆಂದೂ ಕೇಳಿದರು. ಕೆಲವರಿಗೆ ಪರೀಕ್ಷೆ ೪ ನಿಮಿಷದಲ್ಲಿ ಮುಗಿದಿತ್ತು, ಕೆಲವರಿಗೆ ಒಂದು ತಾಸನ್ನು ಮೀರಿತ್ತು. ಆದರೆ ನೆನಪಿನಲ್ಲಿ ಉಳಿದ ನೋವಿಗೂ ಈ ಕಾಲದ ಅಳತೆಗೂ ಹೆಚ್ಚಿನ ನಂಟೇ ಕಾಣಲಿಲ್ಲ. ನೋವು ಅತ್ಯಂತ ತೀವ್ರವಾಗಿದ್ದ ಕ್ಷಣ ಮತ್ತು ಕೊನೆಯ ಕೆಲವು ನಿಮಿಷಗಳು, ಇವೆರಡೇ ನೆನಪನ್ನು ಕಟ್ಟಿದ್ದುವು. ನಡುವಿನದೆಲ್ಲವೂ ಅಳಿಸಿಹೋಗಿತ್ತು. ಆಸ್ಪತ್ರೆಯ ಸಾಲಿನಲ್ಲಿ ನಿಂತ ನಮ್ಮ ರೋಗಿಯ ಉತ್ತರವೂ ಇಂಥದೇ. ತಾನು ಚೀರಿದ ಒಂದು ರಾತ್ರಿಯೂ ಇಂದಿನ ಮುಂಜಾನೆಯೂ ಅವಳ ನೆನಪಿನಲ್ಲಿ ಉಳಿದಿವೆ. ಸಹಿಸಿಕೊಂಡು ದುಡಿದ ಹನ್ನೆರಡು ದಿನಗಳು ಲೆಕ್ಕದಿಂದ ಜಾರಿಬಿದ್ದಿವೆ.

ಆ್ಯಪು ಮಾಡುವ ಕೆಲಸವು ಬಲು ಸರಳ. ದಿನಕ್ಕೆ ಒಂದು ಸಲವೋ ಎರಡು ಸಲವೋ ಫೋನು ಸದ್ದುಮಾಡಿ ಎಚ್ಚರಿಸುತ್ತದೆ. ರೋಗಿಯು ಸೊನ್ನೆಯಿಂದ ಹತ್ತರವರೆಗಿನ ಗೆರೆಯ ಮೇಲೆ ಬೆರಳನ್ನು ಸರಿಸಿ ಅಂದಿನ ನೋವನ್ನು ಗುರುತಿಸುತ್ತಾನೆ. ಮನುಷ್ಯಾಕೃತಿಯ ಚಿತ್ರದಲ್ಲಿ ನೋಯುವ ಜಾಗವನ್ನು ಮುಟ್ಟುತ್ತಾನೆ. ನಿದ್ದೆ ಬಂದಿತೇ, ಕೆಲಸ ಮಾಡಲಾಯಿತೇ, ಗುಳಿಗೆ ಎಷ್ಟು ನುಂಗಿದೆ ಎಂಬ ಎರಡು-ಮೂರು ಪ್ರಶ್ನೆಗಳಿಗೆ ಉತ್ತರಿಸುತ್ತಾನೆ. ತಿಂಗಳು ಮುಗಿಯುವ ಹೊತ್ತಿಗೆ ಏರಿಳಿತದ ಒಂದು ರೇಖೆ ಮೂಡಿರುತ್ತದೆ. ಕೂಲಿಗೆ ಹೋದ ದಿನದ ಮರುದಿನವೇ ನೋವು ಏರುತ್ತದೆಯೇ, ಗುಳಿಗೆ ತೆಗೆದುಕೊಂಡರೂ ಇಳಿಯುವುದಿಲ್ಲವೇ, ನೋವು ಇಳಿಯದಿದ್ದರೂ ನಿದ್ದೆಯಾದರೂ ಸುಧಾರಿಸಿದೆಯೇ ಎಂಬುದನ್ನು ವೈದ್ಯರು ಆ ರೇಖೆಯಲ್ಲಿ ಕ್ಷಣಮಾತ್ರದಲ್ಲಿ ಓದಬಲ್ಲರು. ಗುಳಿಗೆಗಳ ಲೆಕ್ಕವಂತೂ ನಮ್ಮ ಕಡೆಗೆ ಬಹಳ ಮುಖ್ಯ. ಡೈಕ್ಲೋಫೆನ್ಯಾಕಿನಂಥ ನೋವುನಿವಾರಕಗಳನ್ನು ಅಂಗಡಿಯಿಂದ ಕೊಂಡು ತಿಂಗಳುಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗುವುದುಂಟು, ಮೂತ್ರಪಿಂಡ ಕೆಡುವುದುಂಟು. ನುಂಗಿದವನಿಗೇ ಲೆಕ್ಕ ತಪ್ಪಿದ ಈ ಗುಳಿಗೆಗಳು ಕೀರ್ದಿಯಲ್ಲಿ ಕಾಣಿಸಿಕೊಂಡರೆ ಅದೊಂದೇ ದೊಡ್ಡ ಉಪಕಾರ.

ಕಾಗದದ ದಿನಚರಿಯ ಗುಟ್ಟು

ಇದಕ್ಕೆ ಫೋನೇ ಏಕೆ ಬೇಕು, ನೂರು ಪುಟದ ನೋಟುಪುಸ್ತಕ ಸಾಲದೇ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಅದು. ನ್ಯೂಯಾರ್ಕ್ ಪ್ರಾಂತದ ಆರ್ಥರ್ ಸ್ಟೋನ್ ಮತ್ತು ಅವರ ಸಂಗಡಿಗರು ೨೦೦೨ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ.

ದೀರ್ಘಕಾಲದ ನೋವಿದ್ದ ೮೦ ಜನರನ್ನು ಆರಿಸಿ, ಅರ್ಧ ಜನರಿಗೆ ಕಾಗದದ ದಿನಚರಿಯನ್ನೂ ಇನ್ನರ್ಧ ಜನರಿಗೆ ಅಂಗೈಯಲ್ಲಿ ಹಿಡಿಯುವ ಯಂತ್ರವನ್ನೂ ಕೊಟ್ಟರು. ದಿನಕ್ಕೆ ಮೂರು ಸಲ, ಗೊತ್ತಾದ ವೇಳೆಗೆ, ಮೂರು ವಾರಗಳವರೆಗೆ ನೋವನ್ನು ಬರೆಯಬೇಕೆಂಬುದು ಕರಾರು. ಕಾಗದದ ದಿನಚರಿಯ ಹೊದಿಕೆಯಲ್ಲಿ ಬೆಳಕನ್ನು ಗುರುತಿಸುವ ಚಿಕ್ಕದೊಂದು ಸಾಧನವನ್ನು ಅಡಗಿಸಿಟ್ಟಿದ್ದರು. ದಿನಚರಿಯನ್ನು ಯಾವಾಗ ತೆರೆದರು, ಯಾವಾಗ ಮುಚ್ಚಿದರು ಎಂಬುದನ್ನು ಅದು ಬರೆದುಕೊಳ್ಳುತ್ತಿತ್ತು. ರೋಗಿಗಳಿಗೆ ಈ ಗುಟ್ಟು ತಿಳಿದಿರಲಿಲ್ಲ. ಅವರು ಒಪ್ಪಿಸಿದ ಕಾಗದಗಳನ್ನು ನೋಡಿದರೆ ನೂರಕ್ಕೆ ೯೦ ದಾಖಲೆಗಳು ವೇಳೆಗೆ ಸರಿಯಾಗಿದ್ದುವು. ಅಡಗಿಸಿಟ್ಟ ಸಾಧನವು ಹೇಳಿದ ಲೆಕ್ಕವೇ ಬೇರೆ: ವೇಳೆಗೆ ಸರಿಯಾಗಿ ಬರೆದದ್ದು ನೂರಕ್ಕೆ ೧೧ ಮಾತ್ರ. ನೂರಕ್ಕೆ ೩೨ ದಿನಗಳಲ್ಲಿ ದಿನಚರಿಯ ಹೊದಿಕೆಯೇ ತೆರೆದಿರಲಿಲ್ಲ. ಆದರೂ ಆ ದಿನಗಳ ಮನೆಗಳು ಬಹುಮಟ್ಟಿಗೆ ತುಂಬಿದ್ದುವು! ವೇಳೆ ಮೀರಿದರೆ ಬರೆಯಗೊಡದ ಯಂತ್ರವನ್ನು ಹಿಡಿದವರಲ್ಲಿ ನೂರಕ್ಕೆ ೯೪ ದಾಖಲೆಗಳು ನಿಜವಾಗಿಯೂ ಸಕಾಲದಲ್ಲಿ ಬಂದಿದ್ದುವು.

ಶಾಲೆಯ ಮಾಸ್ತರರು ಇದನ್ನು ಓದಿ ನಕ್ಕಾರು. ರಜೆಯ ದಿನಚರಿಯನ್ನು ಶಾಲೆ ತೆರೆಯುವ ಹಿಂದಿನ ರಾತ್ರಿ ಬರೆದು ತರುವ ವಿದ್ಯಾರ್ಥಿಗಳು ಅವರಿಗೆ ಹೊಸಬರಲ್ಲ. ಆ ರೋಗಿಗಳೂ ಮೋಸಗಾರರಲ್ಲ. ತಮ್ಮನ್ನು ನಂಬಿ ಕೆಲಸ ಕೊಟ್ಟವರೆದುರಿಗೆ ಖಾಲಿ ಪುಟವನ್ನು ಹಿಡಿಯಲು ಅವರಿಗೆ ಸಂಕೋಚವಾಗಿರಬೇಕು. ಕಾಗದವು ಆ ಸಂಕೋಚಕ್ಕೆ ಎಡೆಗೊಟ್ಟಿತು, ಯಂತ್ರ ಕೊಡಲಿಲ್ಲ. ಇಂದು ಅದೇ ಗುಣವು ಎಲ್ಲರ ಜೇಬಿನ ಫೋನಿಗೂ ಬಂದಿದೆ.

ಹೀಗೆ ಸಕಾಲದಲ್ಲಿ ಬರೆದ ದಾಖಲೆಗಳು ಬಹಳವಾಗಿ ಕೂಡಿದರೆ ಹಳೆಯ ನಂಬಿಕೆಗಳನ್ನೂ ಒರೆಗೆ ಹಚ್ಚಬಹುದು. ಮೋಡ ಕವಿದರೆ ಕೀಲು ನೋಯುತ್ತವೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಇಂಗ್ಲೆಂಡಿನ ಅಜ್ಜಿಯರೂ ಹಾಗೆಯೇ ಹೇಳುತ್ತಿದ್ದರು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ವಿಲ್ ಡಿಕ್ಸನ್ ಮತ್ತು ಸಂಗಡಿಗರು ೨೦೧೬ರಲ್ಲಿ ಬ್ರಿಟನ್ನಿನ ಸಾವಿರಾರು ಜನರಿಂದ ಫೋನಿನಲ್ಲಿ ದಿನನಿತ್ಯದ ನೋವನ್ನು ಬರೆಸಿಕೊಳ್ಳಲು ಪ್ರಾರಂಭಿಸಿದರು. ಫೋನು ಇದ್ದ ಸ್ಥಳದ ಹವೆಯನ್ನು ಅದರೊಡನೆ ಕೂಡಿಸಿ ನೋಡಿದರು. ೨,೬೫೮ ಜನರ ದಾಖಲೆಗಳನ್ನು ಪರಿಶೀಲಿಸಿ ೨೦೧೯ರಲ್ಲಿ ಪ್ರಕಟಿಸಿದ ಫಲಿತಾಂಶವು ಅಜ್ಜಿಯರ ಕಡೆಗೇ ವಾಲಿತು. ತೇವ ಹೆಚ್ಚಾಗಿ, ವಾಯುಭಾರ ಕುಸಿದು, ಗಾಳಿ ಬೀಸಿದ ದಿನ ನೋವು ತುಸು ಹೆಚ್ಚು. ಈ ‘ತುಸು’ ಎಂಬ ಮಾತನ್ನು ಮರೆಯಬಾರದು. ಸಾಧಾರಣ ಹವೆಯಲ್ಲಿ ನೋವಿನ ದಿನ ಬರುವ ಸಂಭವವು ನೂರಕ್ಕೆ ೫ ಇದ್ದರೆ, ತೇವದ ಗಾಳಿಯ ದಿನ ಅದು ೬ ಆಗುತ್ತದೆ. ಅಜ್ಜಿಯ ಮಾತು ನಿಜವಾಯಿತು. ಎಷ್ಟು ನಿಜವೆಂಬುದೂ ಗೊತ್ತಾಯಿತು.

ಏಳು ಎಂದರೆ ಎಷ್ಟು?

ಇಲ್ಲಿಯವರೆಗೆ ಫೋನಿನ ಪಕ್ಷವನ್ನು ವಹಿಸಿದೆವು. ಇನ್ನು ಅದರ ದೌರ್ಬಲ್ಯವನ್ನು ನೋಡೋಣ. ಅದು ಭಾಷೆಗೆ ಸಂಬಂಧಿಸಿದುದಾದ್ದರಿಂದ ಸಾಹಿತ್ಯದ ಓದುಗರು ಇಲ್ಲಿ ತುಸು ಹೆಚ್ಚು ಹೊತ್ತು ನಿಲ್ಲಬೇಕೆಂದು ಬಿನ್ನಹ.

“ನಿಮ್ಮ ನೋವು ಹತ್ತರಲ್ಲಿ ಎಷ್ಟು?” ಎಂಬ ಪ್ರಶ್ನೆಯು ಹತ್ತರ ಗೆರೆಯನ್ನು ಕಂಡವರಿಗೆ ಮಾತ್ರ ಅರ್ಥವಾಗುವಂಥದು. ಪರೀಕ್ಷೆಯ ಅಂಕಗಳನ್ನು ನೋಡಿ ಬೆಳೆದವನು ಏಳು ಎಂದಾನು. ಶಾಲೆಯ ಮೆಟ್ಟಿಲು ಹತ್ತದ ಮುದುಕಿಗೆ ಆ ಪ್ರಶ್ನೆಯೇ ವಿಚಿತ್ರ. ಆದರೆ ಅವಳಿಗೆ ನೋವನ್ನು ಅಳೆಯಲು ಬಾರದೆಂದು ತಿಳಿಯುವುದು ತಪ್ಪು. ಔಷಧ ತಗಲಿತೇ ಎಂದು ಕೇಳಿದರೆ, “ರೂಪಾಯಿದಾಗ ನಾಕಾಣೆ ಕಡಿಮಿ ಆಗೇತ್ರಿ” ಎಂದು ಅವಳು ಹೇಳಿಯಾಳು. ರೂಪಾಯಿಗೆ ಹದಿನಾರಾಣೆ ಎಂಬ ಲೆಕ್ಕವು ೧೯೫೭ರ ಏಪ್ರಿಲ್ ೧ರಂದು ನಾಣ್ಯದಿಂದ ಹೊರಟುಹೋಯಿತು. ಹಿರಿಯರ ನಾಲಗೆಯಿಂದ ಹೋಗಲಿಲ್ಲ. ಎಂಟಾಣೆ ಗುಣ, ಹನ್ನೆರಡಾಣೆ ಗುಣ ಎಂಬ ಮಾತುಗಳಲ್ಲಿ ಹದಿನಾರು ಮನೆಗಳ ಅಳತೆಗೋಲೊಂದು ಆಗಲೇ ಸಿದ್ಧವಾಗಿ ನಿಂತಿದೆ. ಆ್ಯಪಿನ ಹತ್ತರ ಗೆರೆ ಕೇಳುವುದು ಇಂದಿನ ನೋವನ್ನು. ಆಣೆಯ ಲೆಕ್ಕ ಹೇಳುವುದು ಮೊದಲಿಗಿಂತ ಎಷ್ಟು ಇಳಿಯಿತೆಂಬುದನ್ನು. ವೈದ್ಯನಿಗೆ ಬಹುಸಾರಿ ಬೇಕಾಗುವುದು ಈ ಎರಡನೆಯದೇ. ನಮ್ಮ ಸೀಮೆಗೆ ಆ್ಯಪು ಕಟ್ಟುವವರು ಹತ್ತರ ಗೆರೆಯ ಬದಲು ಒಂದು ರೂಪಾಯಿಯ ಚಿತ್ರವನ್ನಿಟ್ಟು ನೋಡಬಾರದೇಕೆ?

ಅಂಕೆಯ ಮಾತು ಹೀಗಾಯಿತು. ಗುಣದ ಮಾತು ಇನ್ನೂ ಸೂಕ್ಷ್ಮವಾದುದು. ಕೆನಡದ ರೊನಾಲ್ಡ್ ಮೆಲ್ಜಾಕ್ ಅವರು, ನೋವು ಎಷ್ಟು ಎಂಬುದರ ಜೊತೆಗೆ ಎಂಥದು ಎಂಬುದನ್ನೂ ಕೇಳಬೇಕೆಂದು ನಿಶ್ಚಯಿಸಿ, ರೋಗಿಗಳು ಬಳಸುವ ಮಾತುಗಳನ್ನು ಆಯ್ದು, ೧೯೭೫ರಲ್ಲಿ ೭೮ ಪದಗಳನ್ನು ೨೦ ಗುಂಪುಗಳಲ್ಲಿ ಹೊಂದಿಸಿದ ಪ್ರಶ್ನಾವಳಿಯನ್ನು ಹೊರತಂದರು. ಮ್ಯಾಕ್‌ಗಿಲ್ ಪ್ರಶ್ನಾವಳಿಯೆಂದು ಅದು ಜಗತ್ತಿನಲ್ಲೆಲ್ಲ ಹೆಸರಾಯಿತು. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಬಹು ಪ್ರಾಚೀನವಾದ ಮೇಲ್ಪಂಕ್ತಿಯಿದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ವ್ರಣದ ವೇದನೆಗಳನ್ನು ಹೆಸರಿಸುವ ಭಾಗವೊಂದುಂಟು: ಚುಚ್ಚಿದಂತೆ ಆಗುವ ತೋದನ, ಒಡೆದಂತೆ ಆಗುವ ಭೇದನ, ಹೊಡೆದಂತೆ ಆಗುವ ತಾಡನ, ಕಡೆದಂತೆ ಆಗುವ ಮಂಥನ, ಸುಟ್ಟಂತೆ ಆಗುವ ನಿರ್ದಹನ, ಇರುವೆ ಹರಿದಂತೆ ಆಗುವ ಚುಮುಚುಮಾಯನ ಎಂದು ಮುಂತಾಗಿ. ವೇದನೆಯ ಬಗೆಯನ್ನು ಹಿಡಿದು ದೋಷವನ್ನು ಊಹಿಸುವುದು ಅಲ್ಲಿಯ ಕ್ರಮ. ಇಂದಿನ ವೈದ್ಯಶಾಸ್ತ್ರವು ದೋಷಗಳನ್ನು ಹಾಗೆ ಎಣಿಸುವುದಿಲ್ಲ. ಆದರೆ ನೋವಿನ ಮಾತಿನಲ್ಲಿ ನೋವಿನ ಮೂಲದ ಸುಳಿವಿದೆಯೆಂಬುದನ್ನು ಅದೂ ಒಪ್ಪುತ್ತದೆ.

ಕನ್ನಡದ ಆಡುಮಾತಿನಲ್ಲಿ ಈ ಸಂಪತ್ತು ಹೇರಳವಾಗಿದೆ. ತಲೆ ಸಿಡಿಯುತ್ತದೆ, ಟೊಂಕ ಹಿಡಿಯುತ್ತದೆ, ಕಾಲು ಸೆಳೆಯುತ್ತವೆ, ಹೊಟ್ಟೆ ನುಲಿಯುತ್ತದೆ, ಇಲ್ಲವೆ ಕಡಿಯುತ್ತದೆ, ಅಂಗಾಲು ಉರಿಯುತ್ತವೆ, ಕೈ ಜೋಮು ಹಿಡಿಯುತ್ತದೆ, ಗಾಯ ಚುರುಗುಟ್ಟುತ್ತದೆ, ಮೈ ಮುರಿದು ಬರುತ್ತದೆ. ಇವು ಒಂದೇ ನೋವಿನ ಹಲವು ಹೆಸರುಗಳಲ್ಲ. ಟೊಂಕದಿಂದ ಹೊರಟು ಹಿಂಗಾಲಿನ ಗುಂಟ ಹಿಮ್ಮಡಿಯವರೆಗೆ ಇಳಿಯುವ ಸೆಳೆತವು, ಬೆನ್ನುಹುರಿಯಿಂದ ಹೊರಡುವ ನರವು ಅದುಮಿರಬಹುದೆಂದು ಸೂಚಿಸುತ್ತದೆ. ಸಕ್ಕರೆ ರೋಗಿಯ ಅಂಗಾಲಿನ ಉರಿ ಮತ್ತು ಜುಮ್ಮು ನರಗಳು ಕೆಡುತ್ತಿರುವುದರ ಗುರುತಾಗಿರಬಹುದು. ಸಾಮಾನ್ಯ ನೋವಿನ ಗುಳಿಗೆ ಅದಕ್ಕೆ ಹೆಚ್ಚು ಪ್ರಯೋಜನಕ್ಕೆ ಬಾರದು. ಮುಂಜಾನೆ ಎದ್ದಾಗ ಬಿಗಿದು, ಓಡಾಡಿದ ಮೇಲೆ ಸಡಿಲುವ ಕೀಲು ಬೇರೆ. ನಡೆದಷ್ಟೂ ನೋಯುತ್ತ, ಕುಳಿತರೆ ತಣಿಯುವ ಕೀಲು ಬೇರೆ. ಎದೆ ಹಿಂಡಿದಂತಾಗುವುದನ್ನಂತೂ ಆ್ಯಪಿನಲ್ಲಿ ಬರೆಯುತ್ತ ಕುಳ್ಳಿರಲೇಬಾರದು, ಆ ಗಳಿಗೆಯೇ ಆಸ್ಪತ್ರೆಗೆ ಹೊರಡಬೇಕು. ಸೆಳೆತವೂ ಏಳು, ಉರಿಯೂ ಏಳು, ಬಿಗಿತವೂ ಏಳು ಎಂದು ಬರೆದುಕೊಂಡ ಯಂತ್ರವು ಈ ಭೇದಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬಿದಂತಾಯಿತು.

ಆದುದರಿಂದ ಇಂಥ ಆ್ಯಪನ್ನು ಕನ್ನಡಕ್ಕೆ ತರುವುದೆಂದರೆ ಇಂಗ್ಲಿಷಿನ ಪದಗಳ ಮುಂದೆ ಕೋಶ ನೋಡಿ ಕನ್ನಡದ ಪದಗಳನ್ನು ಕೂಡ್ರಿಸುವ ಕೆಲಸವಲ್ಲ. ಮುಂಡರಗಿಯಲ್ಲಿ ಟೊಂಕವೆನ್ನುವುದು ಮೈಸೂರಿನಲ್ಲಿ ಸೊಂಟ. ಇಲ್ಲಿಯ ಮೊಣಕಾಲು ಅಲ್ಲಿಯ ಮಂಡಿ. ಊರೂರಿನ ಬಾಯಿಂದ ಮಾತುಗಳನ್ನು ಕೂಡಿಹಾಕಿ, ಯಾವ ಮಾತಿಗೆ ಯಾವ ನೋವು ಎಂಬುದನ್ನು ವೈದ್ಯರು, ಭಾಷೆಯನ್ನು ಬಲ್ಲವರು ಕೂಡಿ ಕುಳಿತು ಗೊತ್ತುಮಾಡಬೇಕು. ಓದಲು ಬಾರದವರಿಗಾಗಿ ಧ್ವನಿಯನ್ನೇ ಹಿಡಿದಿಡುವ ಅನುಕೂಲ ಬೇಕು. ಕನ್ನಡದ ವಿದ್ಯಾರ್ಥಿಗಳು ಕೈಹಾಕಬಹುದಾದ, ಫಲ ಕಣ್ಣಿಗೆ ಕಾಣುವ ಕೆಲಸವಿದು.

ನುಂಗಿದ ನೋವು

ಎಲ್ಲ ಅನುಕೂಲಗಳನ್ನು ಒದಗಿಸಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ನೋವನ್ನು ಹೇಳಿಕೊಳ್ಳುವ ಮನಸ್ಸು ಎಲ್ಲರಿಗೂ ಇದೆಯೇ?

ಕುಮಾರವ್ಯಾಸನ ನೆನಪನ್ನು ವೀರನಾರಾಯಣನ ಗುಡಿಯಲ್ಲಿ ಕಾಯ್ದುಕೊಂಡು ಬಂದ ಜಿಲ್ಲೆ ನಮ್ಮದು. ಕರ್ಣನ ಕಥೆಯನ್ನು ಇಲ್ಲಿ ಹೊಸದಾಗಿ ಹೇಳಬೇಕಾದುದಿಲ್ಲ. ತೊಡೆಯ ಮೇಲೆ ಗುರುವು ಮಲಗಿದ್ದಾಗ ಕೀಟವು ತೊಡೆಯನ್ನು ಕೊರೆಯಿತು. ಗುರುವಿನ ನಿದ್ದೆ ಕೆಟ್ಟೀತೆಂದು ಕರ್ಣನು ಅಲುಗಾಡಲಿಲ್ಲ. ರಕ್ತದ ತೇವಕ್ಕೆ ಎಚ್ಚತ್ತ ಪರಶುರಾಮನು ಇಷ್ಟು ನೋವನ್ನು ತಾಳಿದವನು ಬ್ರಾಹ್ಮಣನಾಗಿರಲಾರನೆಂದು ಶಾಪ ಕೊಟ್ಟನು. ನೋವನ್ನು ನುಂಗಿದವನಿಗೆ ಮನ್ನಣೆ ಸಿಗಲಿಲ್ಲ. ಕೇಳುವವನು ಆ ಮೌನದಲ್ಲಿ ತನಗೆ ಬೇಕಾದ ಅರ್ಥವನ್ನೇ ಓದಿಕೊಂಡನು.

ಇಂದೂ ಹೀಗೆ ನುಂಗುವವರು ಕಡಿಮೆಯಿಲ್ಲ. ಟೊಂಕ ನೋಯುತ್ತದೆಂದರೆ ನಾಳೆ ಕೂಲಿಗೆ ಕರೆಯಲಿಕ್ಕಿಲ್ಲವೆಂದು ಸುಮ್ಮನಿರುವ ಹೆಣ್ಣುಮಗಳಿದ್ದಾಳೆ. ಹೇಳಿದರೆ ಮಕ್ಕಳಿಗೆ ಭಾರವೆಂದು ಸುಮ್ಮನಿರುವ ಮುದುಕರಿದ್ದಾರೆ. ಫೋನಿನ ಎದುರಿಗಾದರೂ ಇವರು ಬಾಯಿಬಿಟ್ಟಾರು ಎಂದರೆ, ಆ ಫೋನು ಯಾರ ಕೈಯಲ್ಲಿದೆ? ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಮೊಬೈಲ್ ಫೋನು ಇದ್ದ ಹೆಂಗಸರು ಭಾರತದಲ್ಲಿ ನೂರಕ್ಕೆ ೫೪ ಮಾತ್ರ. ಅವುಗಳಲ್ಲಿ ಎಲ್ಲವೂ ಸ್ಮಾರ್ಟ್‌ಫೋನುಗಳಲ್ಲ. ಮನೆಯ ಫೋನು ಮಗನ ಜೇಬಿನಲ್ಲಿರುವಾಗ ತಾಯಿಯ ನೋವಿಗೆ ಅಂಕೆ ಕೊಡುವವನು ಮಗನೇ. ಅವನು ಹಾಕಿದ ಮೂರು ಅವಳ ಮೂರೇ ಎಂದು ಹೇಳುವವರಾರು? ಅವನು ಮುಂದೆ ನಿಂತಿರುವಾಗ ಕೆಲವು ನೋವುಗಳನ್ನು ಅವಳು ಹೇಳಲಾರಳು ಕೂಡ.

ಈ ತಾಲೂಕಿನ ಮಟ್ಟಿಗೆ ಇನ್ನೊಂದು ಮಾತಿದೆ. ಅಂತರ್ಜಲದಲ್ಲಿ ಫ್ಲೋರೈಡು ಮಿತಿಮೀರಿರುವ ಪ್ರದೇಶಗಳಲ್ಲಿ ಮುಂಡರಗಿಯ ಹೆಸರು ಬಹುಕಾಲದಿಂದ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ೧.೫ ಮಿಲಿಗ್ರಾಮು ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾನ. ಅದನ್ನು ಬಹಳವಾಗಿ ಮೀರಿದ ಕೊಳವೆಬಾವಿಯ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಕಂದುಗಟ್ಟುತ್ತವೆ, ಮುಂದೆ ಬೆನ್ನು-ಕೀಲುಗಳು ನೋಯುತ್ತ ಬಿಗಿಯುತ್ತವೆ. ನಮ್ಮ ದೇಶದಲ್ಲಿ ಈ ಮೂಳೆರೋಗವನ್ನು ೧೯೩೭ರಲ್ಲಿ ನೆಲ್ಲೂರು ಸೀಮೆಯಲ್ಲಿ ಮೊದಲಿಗೆ ಗುರುತಿಸಿ ವರದಿ ಮಾಡ��ದರು. ಅದರ ಪ್ರಾರಂಭದ ನೋವು ಸಾಮಾನ್ಯ ಸಂಧಿವಾತದಂತೆಯೇ ತೋರುತ್ತದೆ. ಒಬ್ಬೊಬ್ಬರಾಗಿ ಬಂದವರ ಮೈಕೈ ನೋವು ಒಬ್ಬೊಬ್ಬರ ದೂರಾಗಿಯೇ ಉಳಿಯುತ್ತದೆ. ಒಂದೇ ಓಣಿಯ ನಾಲ್ವತ್ತು ಜನರ ಕೀರ್ದಿಗಳನ್ನು ಬದಿಬದಿಗಿಟ್ಟು ನೋಡಿದರೆ, ಇವರೆಲ್ಲರೂ ಕುಡಿಯುವ ನೀರು ಯಾವುದೆಂಬ ಪ್ರಶ್ನೆ ಏಳಬಹುದು. ಆ್ಯಪು ಫ್ಲೋರೋಸಿಸನ್ನು ನಿರ್ಣಯಿಸಲಾರದು. ಅದಕ್ಕೆ ನೀರಿನ, ಮೂತ್ರದ, ಎಕ್ಸ್-ರೇಯ ಪರೀಕ್ಷೆಗಳೇ ಬೇಕು. ಎಲ್ಲಿ ಪರೀಕ್ಷಿಸಬೇಕೆಂಬುದನ್ನು ಮಾತ್ರ ಅದು ತೋರಿಸೀತು. ಅಲ್ಲಿ ಬೇಕಾದ ಔಷಧವು ಗುಳಿಗೆಯಲ್ಲ. ತುಂಗಭದ್ರೆಯ ಶುದ್ಧವಾದ ನೀರು.

ಕೀರ್ದಿ ಯಾರದು?

ನೋವನ್ನು ಬರೆಯುತ್ತ ಕೂಡುವುದೇ ನೋವನ್ನು ಬೆಳೆಸಲಾರದೇ ಎಂಬ ಶಂಕೆಗೂ ಆಧಾರವಿದೆ. ಕೆನಡದ ರಾಬರ್ಟ್ ಫೆರಾರಿ ಎಂಬ ವೈದ್ಯರು ಟೊಂಕ ಉಳುಕಿದವರಲ್ಲಿ ನಡೆಸಿದ ಚಿಕ್ಕದೊಂದು ಅಧ್ಯಯನದಲ್ಲಿ, ದಿನಾಲು ನೋವಿನ ದಿನಚರಿ ಬರೆದವರ ಪೈಕಿ ಗುಣಹೊಂದಿದವರು, ಬರೆಯದವರಿಗಿಂತ ಕಡಿಮೆ. ತಾನಾಗಿಯೇ ಮಾಯುವ ಹೊಸ ನೋವಿಗೆ ಕೀರ್ದಿ ಬೇಡ; ಹಳೆಯ ನೋವಿಗೂ ಅದು ಗೊತ್ತಾದ ಕಾಲಕ್ಕೆ, ಔಷಧ ಬದಲಿಸಿದ ನಾಲ್ಕೋ ಆರೋ ವಾರಗಳಿಗೆ, ಸಾಕು. ಎಷ್ಟು ನೋಯಿತೆಂಬುದರ ಜೊತೆಗೆ ಇಂದು ಏನೇನು ಮಾಡಲಾಯಿತೆಂಬುದನ್ನೂ ಕೇಳುವುದು ಇನ್ನೂ ಲೇಸು. ಹೊಲದವರೆಗೆ ನಡೆದೆ, ರೊಟ್ಟಿ ಬಡಿದೆ, ಮೊಮ್ಮಗನನ್ನು ಎತ್ತಿಕೊಂಡೆ ಎಂಬ ಉತ್ತರಗಳಲ್ಲಿ ವೈದ್ಯನಿಗೂ ತಿಳಿವಳಿಕೆಯುಂಟು, ರೋಗಿಗೂ ಧೈರ್ಯವುಂಟು.

ಇನ್ನು ಈ ಕೆಲಸವನ್ನು ಯಾರ ತಲೆಯ ಮೇಲೆ ಹೊರಿಸುವುದು? ಹಳ್ಳಿಯಲ್ಲಿ ಥಟ್ಟನೆ ನೆನಪಾಗುವವರು ಆಶಾ ಕಾರ್ಯಕರ್ತೆಯರು. ೨೦೨೫ರ ಜನವರಿಯಲ್ಲಿ ಅವರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಧರಣಿ ಕುಳಿತಾಗ, ಮಾಡಿದ ಕೆಲಸವು ಗಣಕದ ಜಾಲದಲ್ಲಿ ದಾಖಲಾಗದೆ ಪ್ರೋತ್ಸಾಹಧನ ಕೈತಪ್ಪುತ್ತದೆಂಬುದು ಅವರ ದೂರುಗಳಲ್ಲಿ ಒಂದಾಗಿತ್ತು. ಅವರ ಚೀಲಕ್ಕೆ ಮತ್ತೊಂದು ಆ್ಯಪನ್ನು ಸಂಬಳವಿಲ್ಲದೆ ತುಂಬುವುದು ನ್ಯಾಯವಲ್ಲ.

ಕೊನೆಯದಾಗಿ, ಈ ಕೀರ್ದಿಯ ಒಡೆತನದ ಮಾತು. ಒಬ್ಬನ ನಿದ್ದೆ, ನೋವು, ಗುಳಿಗೆಗಳ ಲೆಕ್ಕವು ಔಷಧ ಮಾರುವವರಿಗೂ ವಿಮೆಯವರಿಗೂ ಬೆಲೆಬಾಳುವ ಸರಕು. ೨೦೨೩ರಲ್ಲಿ ಸಂಸತ್ತು ಇಂಥ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಕಾಯಿದೆಯನ್ನು ಮಾಡಿದೆ. ಆದರೆ ಸಣ್ಣ ಅಕ್ಷರದ ಕರಾರನ್ನು ಓದದೆ ‘ಒಪ್ಪಿದೆ’ ಎಂದು ಒತ್ತುವ ಬೆರಳನ್ನು ಕಾಯಿದೆಯೊಂದೇ ಕಾಯಲಾರದು. ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಪರಂಪರೆಯಿದೆ. ೧೯೦೫ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮುಂದಾಗಿ ಒಕ್ಕಲಿಗರ ಸಹಕಾರಿ ಸಂಘವನ್ನು ಕಟ್ಟಿದರು. ದೇಶದ ಸಹಕಾರ ಚಳವಳಿಯು ಅದನ್ನು ತನ್ನ ಮೊದಲ ಹೆಜ್ಜೆಯೆಂದು ನೆನೆಯುತ್ತದೆ. ಸಾಹುಕಾರನ ಮನೆಯಲ್ಲಿದ್ದ ಲೆಕ್ಕದ ಪುಸ್ತಕವು ಆಗ ಸಾಲಗಾರರದೇ ಆದ ಸಂಘದ ಮನೆಗೆ ಬಂದಿತು. ನೋವಿನ ಲೆಕ್ಕವೂ ಹಾಗೆಯೇ ನೊಂದವನ ಕೈಯಲ್ಲಿರಬೇಕು. ತೋರಿಸುವ ಹಕ್ಕೂ ಅಳಿಸುವ ಹಕ್ಕೂ ಅವನವೇ ಆಗಿರಬೇಕು.

ಇವೆಲ್ಲ ಕೂಡಿಬಂದರೂ, ಬರೆದುದನ್ನು ಓದುವವನಿಲ್ಲದಿದ್ದರೆ ಬರೆದು ಪ್ರಯೋಜನವಿಲ್ಲ. ನಲವತ್ತು ದಿನ ಬಿಡದೆ ನೋವನ್ನು ಗುರುತಿಸಿಕೊಂಡು ಬಂದವಳ ಫೋನನ್ನು ವೈದ್ಯರು ತೆರೆದು ನೋಡದೆ ಚೀಟಿ ಬರೆದರೆ ನಲವತ್ತೊಂದನೆಯ ದಿನ ಅವಳು ಬರೆಯುವುದಿಲ್ಲ. ಅವಳ ತಪ್ಪೂ ಅದರಲ್ಲಿಲ್ಲ. ಇರುವ ಎರಡು ನಿಮಿಷವನ್ನು ಯಂತ್ರವು ನಾಲ್ಕು ಮಾಡಿಕೊಡಲಾರದು. “ಎಷ್ಟು ದಿವಸದಿಂದ?” ಎಂಬ ಪ್ರಶ್ನೆಗೆ ಉತ್ತರವು ಮೊದಲೇ ಸಿದ್ಧವಾಗಿ ಕೈಯಲ್ಲಿರುವಂತೆ ಮಾಡೀತು, ಅಷ್ಟೇ. ಅದರಿಂದ ಉಳಿದ ಒಂದು ನಿಮಿಷವನ್ನು ವೈದ್ಯನು ರೋಗಿಯ ಮುಖ ನೋಡಿ, “ಅವ್ವಾ, ಆ ರಾತ್ರಿ ಏನಾಗಿತ್ತು?” ಎಂದು ಕೇಳುವುದಕ್ಕೆ ಬಳಸಿಕೊಂಡರೆ, ಆ್ಯಪು ತನ್ನ ಕೆಲಸವನ್ನು ಮಾಡಿದಂತೆ.